ಅಂತರರಾಷ್ಟ್ರೀಯ ಆಹಾರ ಮೇಳದಲ್ಲಿ ತುಮಕೂರಿನ ಹುಣಸೆ: ಮಾದರಿ, ಲಾಟು ಮತ್ತು ಲೆಕ್ಕಪತ್ರ

ಸಾಂಬಾರ ಪದಾರ್ಥಗಳ ರಫ್ತು ಎಂದೊಡನೆ ಕರ್ನಾಟಕದ ವರ್ತಕರ ನೆನಪಿಗೆ ಬರುವುದು ಸಕಲೇಶಪುರ ಹಾಗೂ ಕೊಡಗಿನ ಏಲಕ್ಕಿ, ಮಲೆನಾಡಿನ ಕಾಳುಮೆಣಸು ಮತ್ತು ಬ್ಯಾಡಗಿಯ ಒಣಮೆಣಸಿನಕಾಯಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹೊಲದ ಬದುಗಳಲ್ಲಿಯೂ ರಸ್ತೆಯ ಇಕ್ಕೆಲಗಳಲ್ಲಿಯೂ ಬೆಳೆದು ನಿಂತಿರುವ ಹುಣಸೆಯನ್ನು ಆ ಸಾಲಿಗೆ ಸೇರಿಸಿ ಯೋಚಿಸುವವರು ವಿರಳ. ಆದರೆ 1986ರ ಸಾಂಬಾರ ಮಂಡಳಿ ಅಧಿನಿಯಮದ ಅನುಸೂಚಿಯಲ್ಲಿ ಹೆಸರಿಸಿರುವ 52 ಸಾಂಬಾರ ಪದಾರ್ಥಗಳಲ್ಲಿ ಹುಣಸೆಯೂ ಒಂದು. ಆದ್ದರಿಂದ ಬಲಸಮುದ್ರದ ಆಸುಪಾಸಿನ ಹಳ್ಳಿಗಳಲ್ಲಿ ಹಣ್ಣು ಕೊಂಡು, ಕುಟ್ಟಿಸಿ, ಬೀಜ ತೆಗೆಸಿ ಮಾರುವ ಸಣ್ಣ ವರ್ತಕನೂ ನೋಂದಾಯಿತ ರಫ್ತುದಾರನಾದಲ್ಲಿ, ವಿದೇಶಿ ಆಹಾರ ಮೇಳಗಳಲ್ಲಿ ಮಂಡಳಿಯು ಪಡೆಯುವ ಆವರಣದಲ್ಲಿ ಸಹಪ್ರದರ್ಶಕನಾಗಲು ಅರ್ಜಿ ಸಲ್ಲಿಸಬಹುದು. ಈ ಅವಕಾಶದ ಅರಿವು ಜಿಲ್ಲೆಯ ಮಂಡಿಗಳಲ್ಲಿ ಇನ್ನೂ ಸಾಕಷ್ಟು ಹರಡಿಲ್ಲ.

ಇಲ್ಲಿ ಆರಂಭದಲ್ಲಿಯೇ ಒಂದು ತೊಡಕನ್ನು ಗಮನಿಸಬೇಕು. ಮಂಡಳಿಯ ಅನುಸೂಚಿಯಲ್ಲಿ ಹುಣಸೆ ಸಾಂಬಾರ ಪದಾರ್ಥವಾಗಿದ್ದರೂ ಸೀಮಾ ಸುಂಕದ ದರಪಟ್ಟಿಯಲ್ಲಿ ಅದು ಹಣ್ಣು. ಒಣಮೆಣಸಿನಕಾಯಿಯು ಸಾಂಬಾರ ಪದಾರ್ಥಗಳ 9ನೆಯ ಅಧ್ಯಾಯದಲ್ಲಿ 0904 ಶೀರ್ಷಿಕೆಯಡಿ ಬಂದರೆ, ಒಣ ಹುಣಸೆಯು 8ನೆಯ ಅಧ್ಯಾಯದಲ್ಲಿ 0813 40 10 ಸಂಖ್ಯೆಯಡಿ ಬರುತ್ತದೆ. ಖರೀದಿದಾರನ ಆಮದು ದಾಖಲೆ, ಆತನ ದೇಶದ ಸುಂಕ, ಮೇಳದ ಪ್ರದರ್ಶಕರ ಕೈಪಿಡಿ ಇವೆಲ್ಲವೂ ಇಂತಹ ವರ್ಗೀಕರಣವನ್ನು ಅವಲಂಬಿಸಿರುತ್ತವೆ. ಕೈಪಿಡಿಗೆ ವಿವರ ಕಳುಹಿಸುವಾಗ ಸಾಂಬಾರ ಪದಾರ್ಥ ಮತ್ತು ಒಣ ಹಣ್ಣು ಎರಡೂ ವಿಭಾಗಗಳಲ್ಲಿ ಹೆಸರು ನಮೂದಿಸದ ಪ್ರದರ್ಶಕನು, ತನ್ನನ್ನೇ ಹುಡುಕುತ್ತಿರುವ ಖರೀದಿದಾರನ ಕಣ್ಣಿಗೆ ಬೀಳದೆ ಹೋಗುವ ಸಂಭವವಿದೆ.

ಮೇಳದ ಪಂಚಾಂಗ, ಬೆಳೆಯ ಪಂಚಾಂಗ

ಆಹಾರ ಕ್ಷೇತ್ರದ ದೊಡ್ಡ ಮೇಳಗಳು ಮೂರು. ಜರ್ಮನಿಯ ಕೊಲೋನ್ ನಗರದ ಅನುಗಾ ಬೆಸ ಸಂಖ್ಯೆಯ ವರ್ಷಗಳ ಅಕ್ಟೋಬರ್‌ನಲ್ಲಿಯೂ, ಪ್ಯಾರಿಸ್‌ನ ಸಿಯಾಲ್ ಸಮ ಸಂಖ್ಯೆಯ ವರ್ಷಗಳ ಅಕ್ಟೋಬರ್‌ನಲ್ಲಿಯೂ ನಡೆಯುತ್ತವೆ. ದುಬೈನ ಗಲ್ಫುಡ್ ಪ್ರತಿ ವರ್ಷದ್ದು. ಬಹುಕಾಲ ಫೆಬ್ರವರಿಯಲ್ಲಿ ನಡೆದ ಈ ಮೇಳ 2026ರಲ್ಲಿ ಜನವರಿ ಕೊನೆಯ ವಾರಕ್ಕೆ ಬಂದಿತು. ದಕ್ಷಿಣ ಭಾರತದ ಅಡುಗೆಯನ್ನು ಬಲ್ಲ ಗಿರಾಕಿಗಳು ಕೊಲ್ಲಿ ರಾಷ್ಟ್ರಗಳಲ್ಲಿ ಹೇರಳವಾಗಿರುವುದರಿಂದ ಹುಣಸೆಯ ವರ್ತಕನಿಗೆ ಮೊದಲ ಮೆಟ್ಟಿಲು ಸಹಜವಾಗಿ ದುಬೈ.

ತುಮಕೂರು ಸೀಮೆಯಲ್ಲಿ ಹೊಸ ಹುಣಸೆ ಮಾರುಕಟ್ಟೆಗೆ ಬರುವುದು ಜನವರಿಯಿಂದ ಬೇಸಿಗೆಯವರೆಗೆ. ಹೊಸ ಹಣ್ಣು ಕೆಂಪು ಮಿಶ್ರಿತ ಕಂದು ಬಣ್ಣದ್ದು. ಹೊರಗಿನ ಬಿಸಿಯಲ್ಲಿಟ್ಟರೆ ದಿನ ಕಳೆದಂತೆ ಕಪ್ಪಾಗುತ್ತದೆ. ಬಣ್ಣವನ್ನು ಕಾಯ್ದುಕೊಳ್ಳಲೆಂದೇ ವರ್ತಕರು ಹಣ್ಣನ್ನು ಶೀತಲಗೃಹದಲ್ಲಿಡುತ್ತಾರೆ. ಇದು ಮಂಡಿಯಲ್ಲಿ ಎಲ್ಲರಿಗೂ ತಿಳಿದ ಸಂಗತಿಯಾದರೂ ಮೇಳಕ್ಕೆ ಮಾದರಿ ಆರಿಸುವಾಗ ಮರೆತುಹೋಗುತ್ತದೆ. ಮಧುಗಿರಿಯ ವರ್ತಕನೊಬ್ಬನು ಜನವರಿಯಲ್ಲಿ ಕೊಯ್ಲಾದ ಮೊದಲ ಹಣ್ಣಿನಲ್ಲಿ ಅತ್ಯುತ್ತಮವಾದುದನ್ನು ಆರಿಸಿ ದುಬೈಗೆ ಒಯ್ದನೆಂದು ಭಾವಿಸಬಹುದು. ಖರೀದಿದಾರ ಮೆಚ್ಚಿ ಒಂದು ಕಂಟೇನರ್‌ಗೆ ಆದೇಶ ನೀಡುತ್ತಾನೆ. ಆದರೆ ಸರಕು ಬೇಕಾಗಿರುವುದು ಆಗಸ್ಟ್‌ನಲ್ಲಿ. ಅಷ್ಟು ಹೊತ್ತಿಗೆ ಉಗ್ರಾಣದಲ್ಲಿರುವುದು ನಾಲ್ಕಾರು ಹಳ್ಳಿಗಳಿಂದ ಬಂದು ಬೆರೆತ, ಬಣ್ಣ ಇಳಿದ ಹಣ್ಣು. ಕಂಟೇನರ್ ತೆರೆದ ಖರೀದಿದಾರನು ಮಾದರಿಯನ್ನು ಪಕ್ಕದಲ್ಲಿಟ್ಟು ನೋಡಿ ಬೆಲೆ ಕಡಿತ ಕೇಳುತ್ತಾನೆ, ಇಲ್ಲವೇ ಸರಕನ್ನೇ ನಿರಾಕರಿಸುತ್ತಾನೆ. ಅಲ್ಲಿ ವಂಚನೆ ನಡೆದಿಲ್ಲ. ಆದರೂ ನಷ್ಟ ಪೂರ್ತಿ ವರ್ತಕನದೇ.

ಆದ್ದರಿಂದ ಮೇಳಕ್ಕೆ ಒಯ್ಯಬೇಕಾದುದು ಅತ್ಯುತ್ತಮ ಹಣ್ಣನ್ನಲ್ಲ, ಕೊಡಲು ಸಾಧ್ಯವಿರುವ ಹಣ್ಣನ್ನು. ಮೊದಲು ಲಾಟು ಸಿದ್ಧವಾಗಬೇಕು, ಅದರಿಂದ ಮಾದರಿ ತೆಗೆಯಬೇಕು. ಲಾಟಿನ ಬೇರೆ ಬೇರೆ ಚೀಲಗಳಿಂದ ತೆಗೆದು ಬೆರೆಸಿದ ಮಾದರಿಯನ್ನು ಮೂರು ಭಾಗ ಮಾಡಿ, ಒಂದನ್ನು ಮೇಳಕ್ಕೆ ಒಯ್ದು, ಒಂದನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ಇನ್ನೊಂದನ್ನು ಲಾಟಿನ ಸಂಖ್ಯೆ ಮತ್ತು ದಿನಾಂಕ ಬರೆದು, ಮೊಹರು ಮಾಡಿ ಶೀತಲಗೃಹದಲ್ಲಿಡುವುದು ಲೇಸು. ಅಕ್ಟೋಬರ್ ಮೇಳಕ್ಕೆ ಹೋಗುವವನು ಶೀತಲಗೃಹದ ಹಣ್ಣನ್ನೇ ತೋರಿಸಿ, ಅದು ಶೀತಲಗೃಹದ್ದೆಂದು ಹೇಳಿಯೇ ಮಾರಬೇಕು.

ಹೆಸರಿಗಿಂತ ಅಂಕಿ ಮಾತನಾಡುತ್ತದೆ

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. ಆದರೆ ವಿದೇಶಿ ತಯಾರಕನು ಅದನ್ನು ಕೊಳ್ಳುವಾಗ ಮೊದಲು ಕೇಳುವುದು ಊರಿನ ಹೆಸರನ್ನಲ್ಲ. ಅಮೆರಿಕದ ಸಾಂಬಾರ ವರ್ತಕರ ಸಂಘದ ಆಸ್ಟಾ ಮಾನದಂಡದಲ್ಲಿ ಬಣ್ಣದ ಅಂಕಿ ಎಷ್ಟೆಂಬುದನ್ನು. ಹುಣಸೆಗೂ ಇಂತಹುದೇ ಭಾಷೆ ಬೇಕು. ತೇವಾಂಶ ಶೇಕಡ ಎಷ್ಟು, ಟಾರ್ಟಾರಿಕ್ ಆಮ್ಲದ ಲೆಕ್ಕದಲ್ಲಿ ಹುಳಿ ಎಷ್ಟು, ಉಳಿದ ಬೀಜ ಮತ್ತು ನಾರು ಎಷ್ಟು, ಉಪ್ಪು ಬೆರೆಸಿದೆಯೇ ಇಲ್ಲವೇ ಎಂಬ ವಿವರಗಳುಳ್ಳ ಒಂದು ಪುಟದ ಪತ್ರಿಕೆಯನ್ನು ಮಳಿಗೆಯಲ್ಲಿಟ್ಟವನಿಗೆ, ಬಣ್ಣಬಣ್ಣದ ಕಿರುಹೊತ್ತಗೆ ಅಚ್ಚು ಹಾಕಿಸಿದವನಿಗಿಂತ ಹೆಚ್ಚಿನ ಗೌರವ ದೊರೆಯುತ್ತದೆ. ಹುಣಸೆ ಬೀಜದ ಪುಡಿ ಮಾಡುವ ಸಣ್ಣ ಕೈಗಾರಿಕೆಗಳಿಗೂ ಈ ಮಾತು ಅನ್ವಯ. ಜವಳಿಯ ಗಂಜಿಗೂ ಆಹಾರವನ್ನು ಮಂದಗೊಳಿಸುವುದಕ್ಕೂ ಆ ಪುಡಿ ಬಳಕೆಯಾಗುತ್ತದೆ. ಈ ಎರಡು ಬಳಕೆಗಳ ಖರೀದಿದಾರರು ಬೇರೆ, ಅವರು ಕೇಳುವ ಅಂಕಿಗಳೂ ಬೇರೆ.

ಕಲ್ಲು ಮರಳಿನ ವಿಷಯವನ್ನು ನೇರವಾಗಿಯೇ ಹೇಳಬೇಕು. ಹಣ್ಣನ್ನು ಬರಿ ನೆಲದ ಮೇಲೆ, ಕೆಲವೊಮ್ಮೆ ರಸ್ತೆಯ ಅಂಚಿನಲ್ಲಿಯೇ ಒಣಗಿಸಿ, ಅಲ್ಲಿಯೇ ಕುಟ್ಟಿಸುವ ರೂಢಿ ಇನ್ನೂ ಇದೆ. ಅಂಟಿನ ಗುಣವುಳ್ಳ ಹುಣಸೆಗೆ ಹತ್ತಿದ ಮರಳು ಮತ್ತೆ ಬಿಡುವುದಿಲ್ಲ. ಹಣ್ಣು ಕುಟ್ಟುವ ಹೆಂಗಸರಿಗೆ ಕೂಲಿ ಸಾಮಾನ್ಯವಾಗಿ ತೂಕದ ಮೇಲೆ ಇರುವುದರಿಂದ, ನಿಧಾನವಾಗಿ ಶುಚಿಯಾಗಿ ಕೆಲಸ ಮಾಡಿದವಳಿಗೆ ನಷ್ಟವೇ ಆಗುತ್ತದೆ. ರಫ್ತಿನ ಲಾಟಿಗೆ ಸಿಮೆಂಟಿನ ಕಣ, ಟಾರ್ಪಾಲಿನ್ ಮತ್ತು ಬೇರೆಯದೇ ಕೂಲಿ ದರ ನಿಗದಿಪಡಿಸುವ ಖರ್ಚು, ದುಬೈನ ಮಳಿಗೆಯ ಬಾಡಿಗೆಯ ಮುಂದೆ ಅಲ್ಪ. ಆದರೂ ವರ್ತಕರು ಮೊದಲು ಮಾಡುವುದು ಎರಡನೆಯ ಖರ್ಚನ್ನು.

ಪರೀಕ್ಷಾ ವರದಿಯ ಮಹತ್ವವನ್ನು ಮೆಣಸಿನ ಪುಡಿಯ ಕಥೆ ಚೆನ್ನಾಗಿ ತಿಳಿಸುತ್ತದೆ. 2003ರಲ್ಲಿ ಭಾರತದಿಂದ ಹೋದ ಮೆಣಸಿನ ಉತ್ಪನ್ನಗಳಲ್ಲಿ ನಿಷೇಧಿತ ಸುಡಾನ್ ಬಣ್ಣ ಪತ್ತೆಯಾದ ಮೇಲೆ ಐರೋಪ್ಯ ಒಕ್ಕೂಟವು ಪರೀಕ್ಷಾ ವರದಿಯನ್ನು ಕಡ್ಡಾಯಗೊಳಿಸಿತು. ಸಾಂಬಾರ ಮಂಡಳಿಯೂ ರಫ್ತಿಗೆ ಮುನ್ನ ಪರೀಕ್ಷೆಯನ್ನು ವಿಧಿಸಿತು. ಆದರೆ ಅದಕ್ಕೂ ಮೊದಲೇ ಹೋಗಿದ್ದ ಪುಡಿ ವೋರ್ಸೆಸ್ಟರ್ ಸಾಸ್ ಒಂದರಲ್ಲಿ ಸೇರಿ, 2005ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಅಂಗಡಿಗಳಿಂದ ನೂರಾರು ಬಗೆಯ ಸಿದ್ಧ ಆಹಾರಗಳನ್ನು ಹಿಂಪಡೆಯಬೇಕಾಯಿತು. ವೋರ್ಸೆಸ್ಟರ್ ಸಾಸ್‌ನ ಸಾಮಾನ್ಯ ಘಟಕಗಳಲ್ಲಿ ಹುಣಸೆಯೂ ಒಂದೆಂಬುದನ್ನು ತುಮಕೂರಿನ ವರ್ತಕರು ಗಮನಿಸಬಹುದು. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರದ ಅಧಿಕಾರಿಗಳು ಭಾರತದ ಕೆಲವು ಮಸಾಲೆ ಪುಡಿಗಳಲ್ಲಿ ಎಥಿಲಿನ್ ಆಕ್ಸೈಡ್ ಇದೆಯೆಂದು ಕ್ರಮ ಕೈಗೊಂಡಾಗ, ಆ ಎರಡು ಕಡೆಗೆ ಹೋಗುವ ಸರಕಿಗೂ ಮುಂಚಿತ ಪರೀಕ್ಷೆ ಕಡ್ಡಾಯವಾಯಿತು. ಇಂತಹ ಸುದ್ದಿಗಳ ನಂತರ ಮೇಳದಲ್ಲಿ ಭಾರತೀಯ ಮಳಿಗೆಗೆ ಬರುವ ಖರೀದಿದಾರನ ಮೊದಲ ಪ್ರಶ್ನೆ ಬೆಲೆಯದಾಗಿರುವುದಿಲ್ಲ.

ಹೊರಡುವ ಮುನ್ನ ಇರಬೇಕಾದ ದಾಖಲೆಗಳು

ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ನೀಡುವ ಆಮದು-ರಫ್ತು ಸಂಕೇತ ಸಂಖ್ಯೆ ಮೊದಲನೆಯದು. ಇದನ್ನು ಒಮ್ಮೆ ಪಡೆದರೆ ಸಾಲದು; ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿ ವಿವರಗಳು ಸರಿಯಿವೆಯೆಂದು ದೃಢೀಕರಿಸದಿದ್ದಲ್ಲಿ ಸಂಖ್ಯೆ ನಿಷ್ಕ್ರಿಯವಾಗುತ್ತದೆ. ಎರಡನೆಯದು ಸಾಂಬಾರ ಮಂಡಳಿಯ ರಫ್ತುದಾರರ ನೋಂದಣಿ ಪ್ರಮಾಣಪತ್ರ. ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ, ಬ್ಯಾಂಕಿನ ಚಾಲ್ತಿ ಖಾತೆ, ಜಿಎಸ್‌ಟಿ ನೋಂದಣಿ ಇವು ಬಹುತೇಕ ವರ್ತಕರಲ್ಲಿ ಇದ್ದೇ ಇರುತ್ತವೆ.

ಪ್ರದರ್ಶನದ ಸರಕಿನ ಬಗ್ಗೆ ಜಿಎಸ್‌ಟಿಯಲ್ಲಿ ಪ್ರತ್ಯೇಕ ಕ್ರಮವಿದ್ದು, ಅನೇಕರು ಎಡವುವುದು ಇಲ್ಲಿಯೇ. 2019ರ ಜುಲೈ 18ರ 108ನೆಯ ಸುತ್ತೋಲೆಯ ಪ್ರಕಾರ, ಪ್ರದರ್ಶನಕ್ಕೆಂದು ಅಥವಾ ಮಾರಾಟವಾದರೆ ಆಯಿತೆಂಬ ಷರತ್ತಿನ ಮೇಲೆ ವಿದೇಶಕ್ಕೆ ಒಯ್ಯುವುದು ಆ ಕ್ಷಣಕ್ಕೆ ಪೂರೈಕೆಯೆನಿಸುವುದಿಲ್ಲ. ಆದುದರಿಂದ ಇನ್‌ವಾಯ್ಸ್ ಬೇಡ, ಬಾಂಡ್ ಅಥವಾ ಮುಚ್ಚಳಿಕೆ ಪತ್ರವೂ ಬೇಡ. ಡೆಲಿವರಿ ಚಲನ್ ಮೇಲೆ ಸರಕು ಹೊರಡಬೇಕು. ಹೊರಟ ದಿನದಿಂದ ಆರು ತಿಂಗಳೊಳಗೆ ಮಾರಾಟವಾದಷ್ಟು ಸರಕಿಗೆ ಮಾರಾಟವಾದ ದಿನ ಇನ್‌ವಾಯ್ಸ್ ಮಾಡಬೇಕು. ಅದು ಶೂನ್ಯ ದರದ ಪೂರೈಕೆಯಾಗಿ, ಉಳಿದ ಹೂಡುವಳಿ ತೆರಿಗೆಯ ಮರುಪಾವತಿಗೆ ಅರ್ಹವಾಗುತ್ತದೆ. ಮಾರಾಟವೂ ಆಗದೆ, ಹಿಂದಕ್ಕೂ ಬಾರದೆ ಆರು ತಿಂಗಳು ಕಳೆದರೆ ಆ ದಿನವೇ ಪೂರೈಕೆಯಾಯಿತೆಂದು ಭಾವಿಸಿ ಇನ್‌ವಾಯ್ಸ್ ಮಾಡಬೇಕಾಗುತ್ತದೆ. ಶೂನ್ಯ ದರದ ಸೌಲಭ್ಯವಾಗಲಿ ಮರುಪಾವತಿಯಾಗಲಿ ದೊರೆಯುವುದಿಲ್ಲ. ಜನವರಿ 10ರಂದು ಹೊರಟ ಮಾದರಿ ಪೆಟ್ಟಿಗೆಗಳನ್ನು ದುಬೈನ ಸಂಬಂಧಿಕರ ಉಗ್ರಾಣದಲ್ಲಿ ಬಿಟ್ಟು ಬಂದವನು ಜುಲೈ 10ನ್ನು ಮರೆಯುವಂತಿಲ್ಲ. ಒಯ್ದದ್ದೆಷ್ಟು, ಹಂಚಿದ್ದೆಷ್ಟು, ಮಾರಿದ್ದೆಷ್ಟು, ತಂದದ್ದೆಷ್ಟು ಎಂಬ ದಾಖಲೆ ಪುಸ್ತಕ ಪ್ರತಿ ಮೇಳಕ್ಕೂ ಪ್ರತ್ಯೇಕವಾಗಿರಬೇಕು.

ಒಣ ಹುಣಸೆಯ ಮೇಲಿನ ತೆರಿಗೆಯನ್ನು 2019ರ ಅಕ್ಟೋಬರ್ 1ರಿಂದ ಶೇ. 5ರಿಂದ ಶೂನ್ಯಕ್ಕೆ ಇಳಿಸಲಾಯಿತು. ಇದರಿಂದ ‘ತೆರಿಗೆಯೇ ಇಲ್ಲದ ಸರಕಿಗೆ ಮರುಪಾವತಿ ಎಲ್ಲಿಯದು’ ಎಂಬ ತಪ್ಪು ಕಲ್ಪನೆ ಬೆಳೆದಿದೆ. ಸಮಗ್ರ ಜಿಎಸ್‌ಟಿ ಅಧಿನಿಯಮದ 16ನೆಯ ಪ್ರಕರಣದಂತೆ, ದೇಶದೊಳಗೆ ವಿನಾಯಿತಿಯುಳ್ಳ ಸರಕೂ ರಫ್ತಾದಾಗ ಶೂನ್ಯ ದರದ ಪೂರೈಕೆಯಾಗುತ್ತದೆ. ಆದ್ದರಿಂದ ರಫ್ತಿನ ಪೆಟ್ಟಿಗೆ, ಪ್ರಯೋಗಾಲಯದ ಶುಲ್ಕ, ಭಾರತೀಯ ಸಂಘಟಕರ ಮೂಲಕ ಪಡೆದ ಮಳಿಗೆಯ ಬಾಡಿಗೆ ಇವುಗಳ ಮೇಲೆ ತೆತ್ತ ತೆರಿಗೆಗೆ ಜಮೆ ಪಡೆಯಲು ಅವಕಾಶವಿದೆ. ಆದರೆ ಅದೇ ವರ್ತಕನು ಸ್ಥಳೀಯವಾಗಿಯೂ ಹುಣಸೆ ಮಾರುತ್ತಿದ್ದಲ್ಲಿ, ಎರಡಕ್ಕೂ ಸಾಮಾನ್ಯವಾದ ಖರ್ಚಿನ ತೆರಿಗೆಯಲ್ಲಿ ಸ್ಥಳೀಯ ಮಾರಾಟದ ಪಾಲನ್ನು ಬಿಟ್ಟುಕೊಡಬೇಕು. ರಫ್ತಿನ ಖರ್ಚಿಗೆ ಪ್ರತ್ಯೇಕ ಖಾತೆ ತೆರೆದವನಿಗೆ ಈ ಲೆಕ್ಕ ಸುಲಭ. ವರ್ಷಾಂತ್ಯದಲ್ಲಿ ರಸೀದಿಗಳ ಕಟ್ಟನ್ನು ತಂದು ಸುರಿಯುವವನಿಗೆ ಜಮೆಯ ಬಹುಭಾಗ ಕೈತಪ್ಪುವುದೇ ಹೆಚ್ಚು.

ಮಳಿಗೆಯಲ್ಲಿ ಇಡುವ ಯಂತ್ರ, ಪ್ರದರ್ಶನ ಫಲಕ ಮುಂತಾದ ಹಿಂದಿರುಗುವ ವಸ್ತುಗಳಿಗೆ ಎಟಿಎ ಕಾರ್ನೆಟ್ ಎಂಬ ತಾತ್ಕಾಲಿಕ ಆಮದಿನ ದಾಖಲೆ ಉಪಯುಕ್ತ. ಭಾರತದಲ್ಲಿ ಇದನ್ನು ಫಿಕ್ಕಿ ಸಂಸ್ಥೆ ನೀಡುತ್ತದೆ. ಹಂಚಿ ಮುಗಿಸುವ ಹುಣಸೆಯ ಮಾದರಿಗಳಿಗೆ ಇದು ಅನ್ವಯಿಸದು.

ಒಂದು ಮೇಳ ಎಷ್ಟು ಟನ್ನಿಗೆ ಸಮ?

ಲೆಕ್ಕವಿಲ್ಲದೆ ಮೇಳಕ್ಕೆ ಹೋಗುವುದು ಪ್ರವಾಸವಾದೀತು. ಉದಾಹರಣೆಗಾಗಿ, ಮಳಿಗೆ, ಪ್ರಯಾಣ, ವಸತಿ, ಮಾದರಿ, ಪರೀಕ್ಷೆ ಎಲ್ಲ ಸೇರಿ ವರ್ತಕನ ಕೈಯಿಂದ ಆರು ಲಕ್ಷ ರೂಪಾಯಿ ಖರ್ಚಾಯಿತೆಂದೂ, ರಫ್ತಿನಲ್ಲಿ ಎಲ್ಲ ವೆಚ್ಚ ಕಳೆದು ಕಿಲೋ ಒಂದಕ್ಕೆ ಎಂಟು ರೂಪಾಯಿ ಉಳಿಯುವುದೆಂದೂ ಇಟ್ಟುಕೊಳ್ಳಬಹುದು. ಆಗ ಮೇಳದ ಖರ್ಚು ಹಿಂದಿರುಗಲು 75 ಟನ್ ಮಾರಾಟವಾಗಬೇಕು. ಕಂಟೇನರ್ ಒಂದಕ್ಕೆ 15 ಟನ್ನಿನಂತೆ ಐದು ಕಂಟೇನರ್. ಇಷ್ಟು ಹಣ್ಣನ್ನು ಒಂದೇ ಗುಣಮಟ್ಟದಲ್ಲಿ ಕೂಡಿಸುವ ಶಕ್ತಿ ಮತ್ತು ಶೀತಲಗೃಹದಲ್ಲಿ ಹಿಡಿದಿಡುವ ಬಂಡವಾಳ ಇವೆಯೇ ಎಂಬುದನ್ನು ಅರ್ಜಿ ತುಂಬುವ ಮೊದಲೇ ಕೇಳಿಕೊಳ್ಳಬೇಕು. ಇಲ್ಲವಾದಲ್ಲಿ ಮೊದಲ ವರ್ಷ ಮಳಿಗೆ ಹಿಡಿಯದೆ ಬರಿಯ ಸಂದರ್ಶಕನಾಗಿ ಹೋಗಿ, ಥಾಯ್ಲೆಂಡಿನ ಹುಣಸೆ ಯಾವ ಪೊಟ್ಟಣದಲ್ಲಿ ಬರುತ್ತದೆ, ಯಾವ ದರಕ್ಕೆ ಹೋಗುತ್ತದೆ ಎಂಬುದನ್ನು ಕಣ್ಣಾರೆ ನೋಡಿ ಬರುವುದೇ ಜಾಣತನ. ನಾಲ್ಕೈದು ವರ್ತಕರು ಕೂಡಿ ಒಂದು ಮಳಿಗೆ ಹಿಡಿಯುವುದೂ ಸಾಧ್ಯ. ಆದರೆ ಅವರೆಲ್ಲರ ಹಣ್ಣು ಒಂದೇ ದರ್ಜೆಗೆ ಬರುವುದೆಂಬ ಲಿಖಿತ ಒಪ್ಪಂದ ಮೊದಲೇ ಆಗಿರಬೇಕು. ಮೇಳದಿಂದ ಬಂದ ಮೇಲೆ ಮಾಡಿಕೊಳ್ಳುವ ಇಂತಹ ಒಪ್ಪಂದಗಳು ಬಹುಪಾಲು ಜಗಳದಲ್ಲಿ ಮುಗಿಯುತ್ತವೆ.

ಇನ್ನು ಹಣ ಬರುವ ಮಾತು. ಮೇಳದಲ್ಲಿ ಕೈಕುಲುಕಿ ವಿಸಿಟಿಂಗ್ ಕಾರ್ಡ್ ಕೊಟ್ಟವರೆಲ್ಲರೂ ಖರೀದಿದಾರರಲ್ಲ. ಅವರಲ್ಲಿ ದಲ್ಲಾಳಿಗಳೂ, ಬೆಲೆ ತಿಳಿಯಲು ಬಂದ ಪ್ರತಿಸ್ಪರ್ಧಿಗಳೂ ಇರುತ್ತಾರೆ. ಹೊಸ ಖರೀದಿದಾರನಿಗೆ ಮೊದಲ ಕಂಟೇನರನ್ನು ಸಾಲದ ಮೇಲೆ ಕಳುಹಿಸುವುದು ಮಂಡಿಯ ರೂಢಿಯನ್ನು ಸಮುದ್ರದಾಚೆಗೆ ಒಯ್ದಂತೆ. ಊರಿನ ಮಂಡಿಯಲ್ಲಿ ಬಾಕಿದಾರನ ಮನೆ ಗೊತ್ತಿರುತ್ತದೆ. ದುಬೈನಲ್ಲಿ ಬಾಡಿಗೆ ಕಚೇರಿಯ ಬಾಗಿಲು ಮುಚ್ಚಿದರೆ ಕೇಳುವವರಾರೂ ಇಲ್ಲ. ಒಂದು ಭಾಗ ಮುಂಗಡ ಪಡೆದು ಉಳಿದುದಕ್ಕೆ ಬ್ಯಾಂಕಿನ ಸಾಖಪತ್ರ ಕೇಳಬಹುದು. ಖರೀದಿದಾರ ಅದಕ್ಕೆ ಒಪ್ಪದಿದ್ದಲ್ಲಿ, 1957ರಿಂದ ರಫ್ತು ಸಾಲದ ವಿಮೆ ನೀಡುತ್ತ ಬಂದಿರುವ ಸರ್ಕಾರಿ ಸಂಸ್ಥೆ ಇಸಿಜಿಸಿಯಿಂದ ಆತನ ಹೆಸರಿನ ಮೇಲೆ ಎಷ್ಟು ಮೊತ್ತದವರೆಗೆ ವಿಮಾ ರಕ್ಷಣೆ ದೊರೆಯುತ್ತದೆಂದು ವಿಚಾರಿಸಬೇಕು. ಸಂಸ್ಥೆಯು ಆ ಹೆಸರಿಗೆ ಮಿತಿ ಮಂಜೂರು ಮಾಡಲು ಹಿಂಜರಿದಲ್ಲಿ ಸರಕು ಶೀತಲಗೃಹದಲ್ಲಿಯೇ ಇರುವುದು ಕ್ಷೇಮ.