ಸಿದ್ಧರಸದ ನಾಯಕರು: ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ಪಾತ್ರಪರಿವರ್ತನೆ ಮತ್ತು ಓದುಗರ ಪ್ರತಿಕ್ರಿಯೆ

ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್ ಕುರಿತ ಲೇಖನಕ್ಕೆ ಕನ್ನಡ ವಿಭಾಗದ ಸಂಸ್ಮರಣ ಸಂಪುಟದಲ್ಲಿ ಏನು ಕೆಲಸ ಎಂಬ ಪ್ರಶ್ನೆ ಸಹಜವಾಗಿಯೇ ಏಳಬಹುದು. ಅಗ್ಗದ ಕಾಗದದ ಮೇಲೆ ಅಚ್ಚಾಗಿ ಮಕ್ಕಳ ಕೈಯಲ್ಲಿ ಹರಿದುಹೋಗುತ್ತಿದ್ದ ಈ ಪುಸ್ತಿಕೆಗಳನ್ನು ಸಾಹಿತ್ಯವಿಚಾರದ ಪರಿಧಿಯೊಳಗೆ ತರುವುದು ಕೆಲವರಿಗೆ ಸರಿತೋರದು. ಆದರೆ ಪರಂಪರೆಯಿಂದ ಬಂದ ಪಾತ್ರವೊಂದನ್ನು ಕವಿ ಎಷ್ಟರಮಟ್ಟಿಗೆ ಬದಲಿಸಬಹುದು, ಬದಲಿಸಿದಾಗ ಸಹೃದಯನು ಅದನ್ನು ಏಕೆ ಒಪ್ಪುತ್ತಾನೆ ಅಥವಾ ಏಕೆ ತಿರಸ್ಕರಿಸುತ್ತಾನೆ ಎಂಬ ಪ್ರಶ್ನೆ ಪಂಪ, ರನ್ನ, ನಾಗಚಂದ್ರರನ್ನು ಓದಿದವರಿಗೆ ಹೊಸದಲ್ಲ. ರಾಮಾಯಣದಂತಹ ಕಥಾಮೂಲಗಳು ಸಿದ್ಧರಸವಾದುವು, ಅಲ್ಲಿ ರಸಕ್ಕೆ ವಿರುದ್ಧವಾದ ಸ್ವೇಚ್ಛೆಯನ್ನು ಕವಿ ಬೆರೆಸಲಾಗದು ಎಂಬ ಮಾತು ಧ್ವನ್ಯಾಲೋಕದಲ್ಲಿ ಬರುತ್ತದೆ. ಹಾಗೆಂದು ಆನಂದವರ್ಧನನು ಬದಲಾವಣೆಯನ್ನೇ ನಿಷೇಧಿಸಿದವನಲ್ಲ; ರಸಕ್ಕೆ ಹೊಂದದ ಪ್ರಸಂಗವನ್ನು ಬಿಟ್ಟು ತಕ್ಕುದನ್ನು ಕಲ್ಪಿಸಿಕೊಳ್ಳುವ ಅನುಮತಿಯೂ ಅಲ್ಲಿಯೇ ಇದೆ. ಹತ್ತಾರು ವರ್ಷ ಎಡೆಬಿಡದೆ ಪ್ರಕಟವಾಗುತ್ತ ಬಂದ ಸೂಪರ್‌ಹೀರೋಗಳು ತಮ್ಮ ಓದುಗರ ಪಾಲಿಗೆ ಒಂದು ಬಗೆಯ ಸಿದ್ಧರಸದ ನಾಯಕರೇ ಆಗಿದ್ದಾರೆ. ಅವರ ಸ್ವಭಾವಕ್ಕೆ ಕೈಹಾಕಿದಾಗಲೆಲ್ಲ ಎದ್ದ ಕೋಲಾಹಲವನ್ನು ಬರಿಯ ಅಭಿಮಾನದ ಅತಿರೇಕವೆಂದು ತಳ್ಳಿಹಾಕುವಂತಿಲ್ಲ.

ಈ ಪಾತ್ರಗಳ ಒಡೆತನದ ರೀತಿಯನ್ನು ಮೊದಲು ಗಮನಿಸಬೇಕು. ಜೆರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ತರುಣರು 1938ರಲ್ಲಿ ಸೂಪರ್‌ಮ್ಯಾನ್ ಪಾತ್ರದ ಹಕ್ಕನ್ನು 130 ಡಾಲರಿಗೆ ಪ್ರಕಾಶಕರಿಗೆ ಬರೆದುಕೊಟ್ಟರು. ಮುಂದೆ ಈ ಕ್ಷೇತ್ರದಲ್ಲಿ ಇದೇ ರೂಢಿಯಾಯಿತು: ಪಾತ್ರ ಸಂಸ್ಥೆಯದು, ಬರಹಗಾರ ಕೂಲಿಗೆ ಬಂದವನು. ಒಬ್ಬ ಬರಹಗಾರ ಒಂದು ಮಾಲಿಕೆಯಲ್ಲಿ ನಾಲ್ಕಾರು ವರ್ಷ ಇದ್ದು ಹೋಗುತ್ತಾನೆ, ಸಂಪಾದಕನೂ ಬದಲಾಗುತ್ತಾನೆ. ಓದುಗನು ಮಾತ್ರ ಮೂವತ್ತು ವರ್ಷ ಅಲ್ಲಿಯೇ ಇರಬಲ್ಲನು. ಪಾತ್ರದ ಹಕ್ಕುಪತ್ರ ಸಂಸ್ಥೆಯ ಕಪಾಟಿನಲ್ಲಿದ್ದರೆ ಅದರ ನೆನಪು ಓದುಗನ ತಲೆಯಲ್ಲಿದೆ. ಮೊದಮೊದಲು ಇದು ತೊಡಕಾಗಿರಲಿಲ್ಲ. ಕೆಲವೇ ವರ್ಷಗಳಲ್ಲಿ ಮಕ್ಕಳು ದೊಡ್ಡವರಾಗಿ ಓದು ಬಿಟ್ಟು, ಆ ಜಾಗಕ್ಕೆ ಹೊಸ ಮಕ್ಕಳು ಬರುತ್ತಾರೆಂಬ ಲೆಕ್ಕಾಚಾರದ ಮೇಲೆಯೇ ಉದ್ಯಮ ನಡೆದಿತ್ತು. 1960ರ ಸುಮಾರಿಗೆ ಸಂಪಾದಕ ಜೂಲಿಯಸ್ ಶ್ವಾರ್ಟ್ಸ್ ಓದುಗರ ಪತ್ರಗಳ ಜೊತೆಗೆ ಅವರ ಪೂರ್ಣ ವಿಳಾಸವನ್ನೂ ಅಚ್ಚುಮಾಡತೊಡಗಿದನು. ಓದುಗರು ಪರಸ್ಪರ ಪತ್ರ ಬರೆದರು, ತಮ್ಮವೇ ಸಣ್ಣ ಪತ್ರಿಕೆಗಳನ್ನು ಹೊರಡಿಸಿದರು. ಜೆರಿ ಬೇಲ್ಸ್‌ನ ‘ಆಲ್ಟರ್ ಈಗೋ’ 1961ರಲ್ಲಿ ಹೊರಬಂದುದು ಹೀಗೆಯೇ. 1970ರ ದಶಕದಿಂದ ಕಾಮಿಕ್ಸ್‌ಗೆಂದೇ ಮೀಸಲಾದ ಅಂಗಡಿಗಳು ಬೆಳೆದಾಗ ಕೊಳ್ಳುವವರಲ್ಲಿ ವಯಸ್ಕರೇ ಹೆಚ್ಚಾದರು. ಮರೆಯಬೇಕಾದವರು ಮರೆಯಲಿಲ್ಲ.

ಈ ಸಂಘರ್ಷದ ಸ್ವರೂಪವನ್ನು ಅರಿಯಲು ಹ್ಯಾಲ್ ಜೋರ್ಡನ್‌ನ ಪ್ರಕರಣಕ್ಕಿಂತ ಉತ್ತಮ ನಿದರ್ಶನ ನನಗೆ ತೋರದು. 1959ರಲ್ಲಿ ಜಾನ್ ಬ್ರೂಮ್ ಬರೆದು ಗಿಲ್ ಕೇನ್ ಚಿತ್ರಿಸಿದ ಈತ ಹೊಸ ವಿಮಾನಗಳನ್ನು ಹಾರಿಸಿ ಪರೀಕ್ಷಿಸುವ ಚಾಲಕ. ಸಾಯುತ್ತಿದ್ದ ಅನ್ಯಗ್ರಹದ ಯೋಧನೊಬ್ಬ ತನ್ನ ಹಸಿರು ಉಂಗುರಕ್ಕೆ ತಕ್ಕ ನಿರ್ಭೀತ ಮನುಷ್ಯನೆಂದು ಇವನನ್ನು ಆರಿಸುತ್ತಾನೆ. ಮನಸ್ಸಿನಲ್ಲಿ ಸಂಕಲ್ಪಿಸಿದುದನ್ನು ಬೆಳಕಿನ ರೂಪದಲ್ಲಿ ಕಟ್ಟಬಲ್ಲ ಆ ಉಂಗುರವನ್ನು ತೊಟ್ಟು ಹ್ಯಾಲ್ ‘ಗ್ರೀನ್ ಲ್ಯಾಂಟರ್ನ್’ ಆಗುತ್ತಾನೆ. ವಿಶ್ವದ ಕಾವಲುಪಡೆಯೊಂದರ ಸದಸ್ಯನಾಗುತ್ತಾನೆ. ಮೂವತ್ತೈದು ವರ್ಷ ಅವನ ಸ್ಥಾಯಿ ಉತ್ಸಾಹವೇ, ರಸ ವೀರವೇ. 1993ರ ಕಥೆಯೊಂದರಲ್ಲಿ ಅವನ ಊರಾದ ಕೋಸ್ಟ್ ಸಿಟಿ ನಾಶವಾಗಿ 70 ಲಕ್ಷ ಜನ ಸಾಯುತ್ತಾರೆ. ಮರುವರ್ಷ, ಅಂದರೆ 1994ರ 48ರಿಂದ 50ರವರೆಗಿನ ಮೂರೇ ಸಂಚಿಕೆಗಳಲ್ಲಿ ಹ್ಯಾಲ್ ದುಃಖದಿಂದ ಮತಿಗೆಡುತ್ತಾನೆ. ಉಂಗುರದ ಬಲದಿಂದ ಸತ್ತ ಊರನ್ನು ಮತ್ತೆ ಕಟ್ಟಲು ಯತ್ನಿಸುತ್ತಾನೆ. ಅದು ಸ್ವಾರ್ಥವೆಂದು ಕಾವಲುಪಡೆಯ ಹಿರಿಯರು ತಡೆದಾಗ ಅವರ ಮೇಲೆಯೇ ತಿರುಗಿಬೀಳುತ್ತಾನೆ. ಜೊತೆಗಾರರನ್ನು ಸೋಲಿಸಿ ಅವರ ಉಂಗುರಗಳನ್ನು ಕಿತ್ತುಕೊಳ್ಳುತ್ತಾನೆ, ಗೆಳೆಯ ಕಿಲೋವಾಗ್‌ನನ್ನು ಕೊಲ್ಲುತ್ತಾನೆ, ‘ಪ್ಯಾರಲ್ಯಾಕ್ಸ್’ ಎಂಬ ಹೆಸರಿನ ಖಳನಾಗುತ್ತಾನೆ. ಉಳಿದ ಒಂದು ಉಂಗುರ ಲಾಸ್ ಏಂಜಲೀಸ್‌ನ ಓಣಿಯೊಂದರಲ್ಲಿ ಕೈಲ್ ರೇನರ್ ಎಂಬ ತರುಣ ಚಿತ್ರಕಾರನ ಕೈ ಸೇರುತ್ತದೆ. ಹೊಸ ನಾಯಕ ಸಿದ್ಧ.

ಇದರ ಹಿಂದೆ ವ್ಯಾಪಾರದ ಕಾರಣ ಇದ್ದಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಮಾಲಿಕೆಯ ಮಾರಾಟ ಕುಗ್ಗಿತ್ತು. 1992ರ ನವೆಂಬರಿನಲ್ಲಿ ಸೂಪರ್‌ಮ್ಯಾನ್‌ನ ಸಾವಿನ ಸಂಚಿಕೆ, ಶೋಕದ ಕಪ್ಪು ತೋಳುಪಟ್ಟಿಯೊಡನೆ, ಲಕ್ಷಗಟ್ಟಲೆ ಪ್ರತಿಗಳಲ್ಲಿ ಖರ್ಚಾಗಿತ್ತು. ಜೆರಾರ್ಡ್ ಜೋನ್ಸ್ ಯೋಜಿಸಿದ್ದ ಕಥೆಯನ್ನು ಬದಿಗಿಟ್ಟು ಸಂಪಾದಕರು ರಾನ್ ಮಾರ್ಜ್‌ಗೆ ಈ ಕೆಲಸ ವಹಿಸಿದರು.

ಓದುಗರು ಸಿಡಿದೆದ್ದರು. ‘ಹೀಟ್’ ಎಂಬ ಸಂಕ್ಷಿಪ್ತ ಹೆಸರಿನ ಸಂಘಟನೆ ಹುಟ್ಟಿತು. ಸದಸ್ಯರು ತಮ್ಮತಮ್ಮಲ್ಲಿ ಚಂದಾ ಎತ್ತಿ ‘ವಿಜರ್ಡ್’ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಅವರ ಆಕ್ಷೇಪ ನಾಯಕನು ಪತನಗೊಂಡನೆಂಬುದಷ್ಟೇ ಆಗಿರಲಿಲ್ಲ. ಅದರ ತಿರುಳನ್ನು ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಅದು ಔಚಿತ್ಯಭಂಗದ ದೂರು. ಮೂವತ್ತೈದು ವರ್ಷ ಕಟ್ಟಿದ ಸ್ವಭಾವವನ್ನು ಮೂರು ತಿಂಗಳಲ್ಲಿ ಕೆಡವಿದರೆ ಅದು ಪತನವಲ್ಲ, ಅಪಘಾತ. ರನ್ನನ ದುರ್ಯೋಧನನಲ್ಲಿ ನಾವು ಕಾಣುವ ಹಿರಿಮೆ ಒಮ್ಮೆಲೆ ಎರಗಿದುದಲ್ಲ. ಹೆಣಗಳ ನಡುವೆ ಅವನು ಇಡುವ ಒಂದೊಂದು ಹೆಜ್ಜೆಯಲ್ಲಿಯೂ ಕವಿ ಅದನ್ನು ಸಾಧಿಸುತ್ತಾನೆ. ಮಾರ್ಜ್‌ಗೆ ದೊರೆತುದು ಮೂರು ಸಂಚಿಕೆಗಳು ಮಾತ್ರ. ಕಥಾಬೀಜ ದುರ್ಬಲವಾಗಿತ್ತೆಂದು ನಾನು ಹೇಳಲಾರೆ. ಇಡೀ ಊರನ್ನು ಕಳೆದುಕೊಂಡವನ ಶೋಕ ಕ್ರೋಧಕ್ಕೆ ತಿರುಗುವುದು ಮಹಾಕಾವ್ಯಕ್ಕೆ ತಕ್ಕ ವಸ್ತುವೇ. ಆದರೆ ಶೋಕ ಬೇರೂರುವ ಮೊದಲೇ ಕ್ರೋಧ ಫಲಕೊಟ್ಟುಬಿಟ್ಟಿತು.

ಇಲ್ಲೊಂದು ವಿಪರ್ಯಾಸವಿದೆ. ಹ್ಯಾಲ್ ಜೋರ್ಡನ್ ತಾನೂ ಇನ್ನೊಬ್ಬನ ಜಾಗಕ್ಕೆ ಬಂದವನೇ. 1940ರಲ್ಲಿ ಮಾರ್ಟಿನ್ ನೋಡೆಲ್ ಮತ್ತು ಬಿಲ್ ಫಿಂಗರ್ ಸೃಷ್ಟಿಸಿದ ಮೊದಲ ಗ್ರೀನ್ ಲ್ಯಾಂಟರ್ನ್ ಅಲನ್ ಸ್ಕಾಟ್. ಅವನ ಕಥೆಗಳು 1951ರ ಹೊತ್ತಿಗೆ ನಿಂತುಹೋಗಿದ್ದುದರಿಂದ 1959ರಲ್ಲಿ ದೊಡ್ಡ ದನಿಯಲ್ಲಿ ಪ್ರತಿಭಟಿಸಬಲ್ಲ ಓದುಗವರ್ಗ ಉಳಿದಿರಲಿಲ್ಲ. ಅಷ್ಟೇ ಅಲ್ಲ, 1961ರಲ್ಲಿ ‘ಫ್ಲ್ಯಾಶ್’ ಮಾಲಿಕೆಯ 123ನೆಯ ಸಂಚಿಕೆಯಲ್ಲಿ ಗಾರ್ಡ್ನರ್ ಫಾಕ್ಸ್ ಒಂದು ಉಪಾಯ ಹೂಡಿದನು. ಹಳೆಯ ನಾಯಕರು ಮತ್ತೊಂದು ಭೂಮಿಯಲ್ಲಿ, ಹೊಸಬರು ಈ ಭೂಮಿಯಲ್ಲಿ ಏಕಕಾಲದಲ್ಲಿ ಬದುಕಿದ್ದಾರೆಂಬುದೇ ಆ ಉಪಾಯ. ಮುಂದೆ ಅಲನ್ ಸ್ಕಾಟ್ ತನ್ನ ಭೂಮಿಯಲ್ಲಿ ನೆಮ್ಮದಿಯಿಂದ ನರೆಗೂದಲು ತಳೆದನು. ಹ್ಯಾಲ್ ಇಲ್ಲಿ ಹಾರಾಡಿಕೊಂಡಿದ್ದನು.

ಕನ್ನಡದ ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಪಂಪನು ‘ವಿಕ್ರಮಾರ್ಜುನವಿಜಯ’ದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನ ಮಡದಿಯಾಗಿಸಿದನು, ಕೊನೆಗೆ ಪಟ್ಟವನ್ನೂ ಅರ್ಜುನನಿಗೇ ಕಟ್ಟಿದನು. ನಾಗಚಂದ್ರನ ರಾವಣನು ವಾಲ್ಮೀಕಿಯ ರಾವಣನಲ್ಲ. ಇವು ಹ್ಯಾಲ್ ಜೋರ್ಡನ್‌ನ ಮಾರ್ಪಾಡಿಗಿಂತ ಸಣ್ಣವೇನಲ್ಲ. ಆದರೂ ಪಂಪನ ದ್ರೌಪದಿ ಬಂದಳೆಂದು ವ್ಯಾಸರ ದ್ರೌಪದಿ ಅಳಿಯಲಿಲ್ಲ. ಐವರ ಮಡದಿಯಾಗಿಯೇ ಅವಳು ಕುಮಾರವ್ಯಾಸನಲ್ಲಿ ಮತ್ತೆ ಮೂಡಿದಳು. ಒಂದೊಂದು ಕಾವ್ಯವೂ ಒಂದೊಂದು ಲೋಕ. ಮುಂಬಯಿಯ ಸಭಾಗೃಹಗಳಲ್ಲಿ ತಾಳಮದ್ದಳೆ ಕೇಳಿದವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಇಂದಿನ ಅರ್ಥಧಾರಿಯ ಕರ್ಣ ನಾಳಿನ ಅರ್ಥಧಾರಿಯನ್ನು ಕಟ್ಟಿಹಾಕುವುದಿಲ್ಲ. ಹಿಡಿಸದವರು ಮನೆಗೆ ಮರಳುವ ದಾರಿಯಲ್ಲಿ ಜಗಳವಾಡಿ, ಮುಂದಿನ ಪ್ರಸಂಗಕ್ಕೆ ಮತ್ತೆ ಬರುತ್ತಾರೆ.

ಕಾಮಿಕ್ಸ್‌ಲೋಕದಲ್ಲಿ ಹಲವು ಭೂಮಿಗಳ ಕಲ್ಪನೆ ಮಾಡುತ್ತಿದ್ದುದು ಇದೇ ಕೆಲಸವನ್ನು. ಡಿಸಿ ಸಂಸ್ಥೆ 1985-86ರಲ್ಲಿ ‘ಕ್ರೈಸಿಸ್ ಆನ್ ಇನ್‌ಫಿನಿಟ್ ಅರ್ತ್ಸ್’ ಎಂಬ ಹನ್ನೆರಡು ಸಂಚಿಕೆಗಳ ಕಥೆಯಲ್ಲಿ, ಹೊಸ ಓದುಗರಿಗೆ ಗೊಂದಲವಾಗುತ್ತದೆಂಬ ಕಾರಣ ಕೊಟ್ಟು, ಆ ಭೂಮಿಗಳನ್ನೆಲ್ಲ ಒಂದಾಗಿ ಬೆಸೆಯಿತು. ಅಲ್ಲಿಂದಾಚೆಗೆ ಅಲ್ಲಿ ಇರುವುದು ಒಂದೇ ಗ್ರಂಥ. ಹೊಸ ಪುಟ ಹಳೆಯ ಪುಟದ ಪಕ್ಕದಲ್ಲಿ ನಿಲ್ಲುವುದಿಲ್ಲ, ಅದರ ಮೇಲೆಯೇ ಬರೆಯಲ್ಪಡುತ್ತದೆ. 1994ರಲ್ಲಿ ಹ್ಯಾಲ್ ಕೊಲೆಗಾರನಾದಾಗ 1959ರಲ್ಲಿ ಉಂಗುರ ತೊಟ್ಟ ಹ್ಯಾಲ್ ಕೂಡ ಮುಂದೆ ಕೊಲೆಗಾರನಾಗಲಿರುವವನಾಗಿಬಿಟ್ಟನು. ಓದುಗನ ಕೋಪದ ಬೇರು ಇಲ್ಲಿದೆ. ಅವನು ಕಾಯಲು ಹೊರಟಿರುವುದು ಪಾತ್ರದ ಭವಿಷ್ಯವನ್ನಲ್ಲ, ತಾನು ಓದಿ ಮುಗಿಸಿದ ಭೂತಕಾಲವನ್ನು.

ಈ ಮಾತಿಗೆ ರಾಬಿನ್ ಪಾತ್ರದ ಇತಿಹಾಸದಲ್ಲಿ ಪುಷ್ಟಿ ದೊರೆಯುತ್ತದೆ. ಬ್ಯಾಟ್‌ಮ್ಯಾನ್‌ನ ಜೊತೆಗಾರನಾಗಿ 1940ರಲ್ಲಿ ಬಂದ ಬಾಲಕ ಡಿಕ್ ಗ್ರೇಸನ್ 1984ರಲ್ಲಿ ರಾಬಿನ್ ವೇಷವನ್ನು ಕಳಚಿ ‘ನೈಟ್‌ವಿಂಗ್’ ಆದನು. ನಾಲ್ಕು ದಶಕಗಳ ಪಾತ್ರವೊಂದು ಹೆಸರನ್ನೇ ಬಿಟ್ಟುಕೊಟ್ಟಿತು, ಓದುಗರು ಸಂತೋಷದಿಂದಲೇ ಒಪ್ಪಿದರು. ಹುಡುಗ ಬೆಳೆದು ಗಂಡಸಾದನು, ಹಿಂದಿನದಾವುದೂ ಸುಳ್ಳಾಗಲಿಲ್ಲ. ಅವನ ಜಾಗಕ್ಕೆ ಬಂದ ಜೇಸನ್ ಟಾಡ್‌ನ ಪಾಡು ಬೇರೆ. 1983ರಲ್ಲಿ ಡಿಕ್‌ನಂತೆಯೇ ಸರ್ಕಸ್ ಕುಟುಂಬದವನಾಗಿ ಬಂದ ಜೇಸನ್‌ನನ್ನು ‘ಕ್ರೈಸಿಸ್’ ನಂತರ, 1987ರಲ್ಲಿ, ಬ್ಯಾಟ್‌ಮ್ಯಾನ್‌ನ ಕಾರಿನ ಚಕ್ರ ಕದಿಯುವ ಬೀದಿಹುಡುಗನನ್ನಾಗಿ ಮರುಸೃಷ್ಟಿಸಲಾಯಿತು. ಈ ಒರಟ ಹಲವರಿಗೆ ಹಿಡಿಸಲಿಲ್ಲ. 1988ರಲ್ಲಿ ಸಂಪಾದಕ ಡೆನಿಸ್ ಓನೀಲ್, ಜೋಕರ್‌ನ ಸ್ಫೋಟಕ್ಕೆ ಸಿಕ್ಕ ಜೇಸನ್ ಬದುಕಬೇಕೆ ಸಾಯಬೇಕೆ ಎಂಬುದನ್ನು ದೂರವಾಣಿ ಮತದಾನಕ್ಕೆ ಬಿಟ್ಟನು. ಎರಡು ಸಂಖ್ಯೆಗಳು, ಒಂದು ಕರೆಗೆ 50 ಸೆಂಟ್. ಸಾಯಲಿ ಎಂದವು 5,343 ಕರೆಗಳು. ಬದುಕಲಿ ಎಂದವು 5,271. ಕೇವಲ 72 ಮತಗಳ ಅಂತರದಲ್ಲಿ ಒಂದು ಪಾತ್ರ ಸತ್ತಿತು. ಫಲಿತಾಂಶ ಹೊರಬಿದ್ದಾಗ ಎದ್ದ ಖಂಡನೆ ಸಂಪಾದಕರ ನಿರೀಕ್ಷೆಯನ್ನು ಮೀರಿದ್ದಿತು. ಹೊರಗಿನ ಜನರ ಮಟ್ಟಿಗೆ ಸತ್ತವನು ಜೇಸನ್ ಅಲ್ಲ, ತಮ್ಮ ಬಾಲ್ಯದ ರಾಬಿನ್. ಮತ ಹಾಕಿದ ಓದುಗನನ್ನೂ ಇಲ್ಲಿ ಸಂಶಯದಿಂದ ನೋಡಬೇಕಾಗುತ್ತದೆ. ಸಹೃದಯನ ತೀರ್ಪಿಗೂ ಪ್ರೇಕ್ಷಕರ ಗದ್ದಲಕ್ಕೂ ಇರುವ ಅಂತರವನ್ನು ದೂರವಾಣಿ ಅಳೆಯಲಾರದು.

ಓದುಗನ ಕೋಪವೆಲ್ಲವೂ ಔಚಿತ್ಯದ ರಕ್ಷಣೆಯೇ ಎಂದು ಹೇಳಹೊರಟರೆ ಅದು ಕುರುಡು ಸಮರ್ಥನೆಯಾದೀತು. 2011ರಲ್ಲಿ ಮಾರ್ವೆಲ್ ಸಂಸ್ಥೆಯ ಒಂದು ಮಾಲಿಕೆಯಲ್ಲಿ ಪೀಟರ್ ಪಾರ್ಕರ್ ಸತ್ತು, ಕಪ್ಪು ತಂದೆ ಮತ್ತು ಪೋರ್ಟೊರಿಕೊ ಮೂಲದ ತಾಯಿಯ ಮಗನಾದ ಮೈಲ್ಸ್ ಮೊರಾಲೆಸ್ ಸ್ಪೈಡರ್‌ಮ್ಯಾನ್ ಆದನು. ಇದು ಮುಖ್ಯ ಮಾಲಿಕೆಯಲ್ಲ. ಅಲ್ಲಿಯ ಪೀಟರ್ ಎಂದಿನಂತೆ ಬದುಕಿಯೇ ಇದ್ದನು. ಯಾರ ಭೂತಕಾಲವೂ ಅಳಿಸಿಹೋಗದಿದ್ದರೂ ಕೂಗು ಎದ್ದಿತು. ಆ ಕೂಗಿನಲ್ಲಿ ‘ಇವನು ನನ್ನ ನಾಯಕನಲ್ಲ’ ಎಂಬ ಮಾತಿಗೆ ಚರ್ಮದ ಬಣ್ಣವಲ್ಲದೆ ಬೇರೆ ಆಧಾರವಿರಲಿಲ್ಲವೆಂಬುದು ಸ್ಪಷ್ಟ. 1971ರಷ್ಟು ಹಿಂದೆಯೇ ಓನೀಲ್ ಮತ್ತು ನೀಲ್ ಆಡಮ್ಸ್ ಜಾನ್ ಸ್ಟುವರ್ಟ್ ಎಂಬ ಕಪ್ಪು ವಾಸ್ತುಶಿಲ್ಪಿಗೆ ಹಸಿರು ಉಂಗುರ ತೊಡಿಸಿದ್ದರು. 2001ರಲ್ಲಿ ಆರಂಭವಾದ ‘ಜಸ್ಟಿಸ್ ಲೀಗ್’ ದೂರದರ್ಶನ ಮಾಲಿಕೆಯನ್ನು ನೋಡಿ ಬೆಳೆದ ಅನೇಕ ಮಕ್ಕಳಿಗೆ ಗ್ರೀನ್ ಲ್ಯಾಂಟರ್ನ್ ಎಂದರೆ ಅವನೇ. ಹ್ಯಾಲ್ ಅವರಿಗೆ ನಡುವೆ ಬಂದ ಅಪರಿಚಿತ. ಮೂಲವೆಂಬುದು ಬಹಳ ಸಲ ನಾವು ಮೊದಲು ಓದಿದ್ದು ಮಾತ್ರ.

ಇದಕ್ಕೆ ಪ್ರತಿಯಾಗಿ ಕ್ಯಾಪ್ಟನ್ ಅಮೆರಿಕ ಪ್ರಕರಣದಲ್ಲಿ ಓದುಗರ ನೋವಿಗೆ ಗಟ್ಟಿಯಾದ ನೆಲೆಯಿತ್ತು. ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ ಎಂಬ ಇಬ್ಬರು ಯಹೂದಿ ಕಲಾವಿದರು ರೂಪಿಸಿದ ಈ ಪಾತ್ರ, 1941ರ ಮೊದಲ ಸಂಚಿಕೆಯ ಮುಖಪುಟದಲ್ಲಿಯೇ ಹಿಟ್ಲರನ ದವಡೆಗೆ ಗುದ್ದಿತ್ತು; ಅಮೆರಿಕ ಆಗ ಇನ್ನೂ ಯುದ್ಧಕ್ಕಿಳಿದಿರಲಿಲ್ಲ. 2016ರ ಮೇ ತಿಂಗಳಲ್ಲಿ ನಿಕ್ ಸ್ಪೆನ್ಸರ್ ಬರೆದ ಹೊಸ ಮಾಲಿಕೆಯ ಮೊದಲ ಸಂಚಿಕೆಯ ಕೊನೆಯಲ್ಲಿ ಅದೇ ನಾಯಕ, ಕಥೆಯೊಳಗೆ ನಾಜಿಗಳೊಡನೆ ನಂಟುಳ್ಳ ‘ಹೈಡ್ರಾ’ ಪಂಗಡಕ್ಕೆ ಜಯಕಾರ ಹೇಳುತ್ತಾನೆ. ಅವನ ಗತಕಾಲವನ್ನು ಒಂದು ಮಾಯಾವಸ್ತು ತಿದ್ದಿಬಿಟ್ಟಿದೆಯೆಂದು ಮುಂದಿನ ಸಂಚಿಕೆ ತಿಳಿಸಿತಾದರೂ ಆ ಒಂದು ತಿಂಗಳಲ್ಲಿ ಗಾಯವಾಗಿತ್ತು. ಬರಹಗಾರನಿಗೆ ಜೀವಬೆದರಿಕೆಗಳು ಬಂದುವು. ಅದನ್ನು ಯಾವ ರಸಸಿದ್ಧಾಂತವೂ ಸಮರ್ಥಿಸದು. ಆದರೆ ಸೃಷ್ಟಿಕರ್ತರ ಬದುಕಿನ ಭಯದಿಂದಲೇ ಹುಟ್ಟಿದ ಪಾತ್ರವನ್ನು ಆ ಭಯದ ಕಾರಣದೊಡನೆಯೇ ಜೋಡಿಸುವುದು ಅನುಚಿತವೆಂದು ಸೌಮ್ಯವಾಗಿ ಬರೆದವರೂ ಅನೇಕರಿದ್ದರು. ಅವರ ವಾದಕ್ಕೆ ತೃಪ್ತಿಕರವಾದ ಉತ್ತರ ಕಥೆಯೊಳಗಿಂದ ಬರಲಿಲ್ಲವೆಂದೇ ನನ್ನ ಅಭಿಪ್ರಾಯ.

ಹ್ಯಾಲ್ ಜೋರ್ಡನ್ 1996ರಲ್ಲಿ ಆರಿದ ಸೂರ್ಯನನ್ನು ಮತ್ತೆ ಹೊತ್ತಿಸಿ ಪ್ರಾಣಬಿಟ್ಟನು. ಪ್ರಾಯಶ್ಚಿತ್ತವೆಂದು ಒಪ್ಪಬಹುದಾದ ಮುಕ್ತಾಯವದು. ಅಭಿಮಾನಿಗಳಿಗೆ ಅದು ಸಾಲದಾಯಿತು. 2004-05ರ ಆರು ಸಂಚಿಕೆಗಳ ‘ರೀಬರ್ತ್’ನಲ್ಲಿ, ತಾನೂ ಹ್ಯಾಲ್‌ನ ಅಭಿಮಾನಿಯಾದ ಜೆಫ್ ಜಾನ್ಸ್ ಅವನನ್ನು ಬದುಕಿಸಿ ತಂದನು. ಪ್ಯಾರಲ್ಯಾಕ್ಸ್ ಎಂಬುದು ಭಯವೇ ಮೈವೆತ್ತ ಒಂದು ಪುರಾತನ ಜೀವಿ. ಅದು ಒಳಹೊಕ್ಕು ಮಾಡಿಸಿದ ಪಾಪಗಳು ಹ್ಯಾಲ್‌ನವಲ್ಲ ಎಂಬುದು ಅಲ್ಲಿಯ ವಿವರಣೆ. ಹತ್ತು ವರ್ಷ ಓದುಗರನ್ನು ಗಳಿಸಿದ್ದ ಕೈಲ್‌ನನ್ನು ಜಾನ್ಸ್ ಕೊಲ್ಲಲಿಲ್ಲ, ಕೆಡಿಸಲೂ ಇಲ್ಲ, ಉಂಗುರದೊಡನೆಯೇ ಉಳಿಸಿಕೊಂಡನು. ಅದು ಅವನ ವಿವೇಕ. ಆದರೆ ಹ್ಯಾಲ್‌ನ ವಿಷಯದಲ್ಲಿ ಅವನು ಕೊಟ್ಟ ಬಿಡುಗಡೆ ಪೂರ್ಣವಾದುದು, ಬಹುಶಃ ಅತಿ ಪೂರ್ಣವಾದುದು. 1990ರ ಮಾಲಿಕೆಯಲ್ಲಿ ಹ್ಯಾಲ್‌ನ ಕೆನ್ನೆಯ ಮೇಲ್ಭಾಗದ ಕೂದಲು ನರೆತಿತ್ತು. ಈ ನಾಯಕನಿಗೂ ವಯಸ್ಸಾಗುತ್ತಿದೆಯೆಂದು ತೋರಿಸಿದ ಅಪರೂಪದ ಗುರುತು ಅದು. ಜಾನ್ಸ್‌ನ ಕಥೆಯಲ್ಲಿ ಆ ನರೆಯೂ ಪರಜೀವಿಯ ಸೋಂಕಿನ ಲಕ್ಷಣವೆಂದು ತಿಳಿದುಬರುತ್ತದೆ. ಪ್ಯಾರಲ್ಯಾಕ್ಸ್ ಹೊರಬೀಳುತ್ತಲೇ ಹ್ಯಾಲ್‌ನ ಕೂದಲು ಮೊದಲಿನ ಕಂದುಬಣ್ಣಕ್ಕೆ ತಿರುಗುತ್ತದೆ.