ಸಾಮ್ ರಾತುಲಾಂಗಿಯವರ ಜೀವನದಿಂದ ಒಂದು ಪಾಠ

ಸ್ವಂತ ಸೀಮೆಯನ್ನು ಪ್ರೀತಿಸುವವನು ಇಡೀ ದೇಶವನ್ನೂ ಪ್ರೀತಿಸಬಲ್ಲನೋ? ಇಂಡೋನೇಷ್ಯದ ಸಾಮ್ ರಾತುಲಾಂಗಿಯವರ ಜೀವಮಾನವು ಇದಕ್ಕೆ ಉತ್ತರವಾಗಿದೆ.

1. ಜನನವೂ ವಿದ್ಯೆಯೂ. ಸುಲವೇಸಿ ದ್ವೀಪದ ಉತ್ತರಭಾಗದಲ್ಲಿ ಮಿನಹಾಸವೆಂಬ ಸೀಮೆಯುಂಟು. ಅಲ್ಲಿಯ ಜನರಲ್ಲಿ ಹೆಚ್ಚಿನವರು ಪ್ರೊಟೆಸ್ಟಂಟ್ ಕ್ರೈಸ್ತರು. ಆ ಸೀಮೆಯ ತೊಂಡಾನೊ ಪಟ್ಟಣದಲ್ಲಿ 1890ನೇ ಇಸವಿ ನವೆಂಬರ್ 5ರಂದು ರಾತುಲಾಂಗಿಯವರು ಉಪಾಧ್ಯಾಯರೊಬ್ಬರ ಮಗನಾಗಿ ಹುಟ್ಟಿದರು. ಆಗ ದೇಶವು ಡಚ್ಚರ ಕೈಕೆಳಗಿತ್ತು. ಜಾವಾದಲ್ಲಿ ಯಂತ್ರವಿದ್ಯೆಯನ್ನು ಕಲಿತು ರೈಲುದಾರಿಯ ಕೆಲಸಕ್ಕೆ ಸೇರಿದಾಗ, ತಮ್ಮಷ್ಟೇ ಓದಿದ ಯುರೋಪಿಯ ಸಂತತಿಯವರಿಗೆ ಹೆಚ್ಚು ಸಂಬಳ ಸಲ್ಲುವದನ್ನು ಕಂಡರು. ಆದರೂ ಅವರು ಕಲಿಯುವದನ್ನು ಬಿಡಲಿಲ್ಲ. 1919ರಲ್ಲಿ ಸ್ವಿಟ್ಸರ್ಲೆಂಡಿನ ಝೂರಿಕ್ ವಿಶ್ವವಿದ್ಯಾನಿಲಯದಿಂದ ಡಾಕ್ಟರ್ ಪದವಿಯನ್ನು ಹೊಂದಿದರು.

2. ಸೀಮೆಯ ಸೇವೆ. 1924ರಿಂದ 1927ರ ವರೆಗೆ ಅವರು ಮಿನಹಾಸ ಮಂಡಲಿಯ ಕಾರ್ಯದರ್ಶಿಯಾಗಿದ್ದು, ಬಡ ರೈತರಿಂದ ಸರಕಾರವು ಮಾಡಿಸುತ್ತಿದ್ದ ಬಿಟ್ಟಿ ಚಾಕರಿಯು ನಿಲ್ಲಬೇಕೆಂದು ಹೋರಾಡಿದರು. ಬಳಿಕ ಹತ್ತು ವರುಷ ಬತಾವಿಯಾದ ಜನಪ್ರತಿನಿಧಿ ಮಂಡಲಿಯಲ್ಲಿ ಕೂತು, ಡಚ್ಚರಿಗೂ ದೇಶೀಯರಿಗೂ ನ್ಯಾಯವು ಒಂದೇ ಆಗಿರಬೇಕೆಂದು ವಾದಿಸಿದರು.

3. ಶೋಧನೆಯ ಕಾಲ. ಮಿನಹಾಸದವರು ಅನೇಕರು ಡಚ್ಚರ ಸೈನ್ಯದಲ್ಲಿಯೂ ಕಚೇರಿಗಳಲ್ಲಿಯೂ ಇದ್ದರು. ಆದದರಿಂದ ಕೆಲವರು ಡಚ್ಚರೊಡನೆಯೇ ಇರುವದು ಕ್ಷೇಮವೆಂದು ಎಣಿಸಿದರು. ರಾತುಲಾಂಗಿಯವರಾದರೋ ತಮ್ಮ ಜನರ ಬಾಳು ಇಡೀ ಇಂಡೋನೇಷ್ಯದ ಬಾಳಿನೊಡನೆ ಕೂಡಿಕೊಂಡಿದೆ ಎಂದು ನಂಬಿದರು. 1945ರ ಆಗಸ್ಟಿನಲ್ಲಿ ಸ್ವಾತಂತ್ರ್ಯವು ಸಾರಲ್ಪಟ್ಟಾಗ ಅವರು ಸುಲವೇಸಿಯ ಮೊದಲನೆಯ ಗವರ್ನರರಾಗಿ, ಮುಸಲ್ಮಾನರೇ ಹೆಚ್ಚಾಗಿರುವ ಮಕಾಸರಿಗೆ ಹೋದರು. 1946ರ ಏಪ್ರಿಲಿನಲ್ಲಿ ಡಚ್ಚರು ಅವರನ್ನು ಹಿಡಿದು ದೂರದ ಪಪುವಾ ಸೀಮೆಯ ಸೆರುಯಿಗೆ ಗಡೀಪಾರು ಮಾಡಿದರು. 1948ರಲ್ಲಿ ಬಿಡುಗಡೆಯಾದರೂ ಅದೇ ವರುಷದ ಕೊನೆಯಲ್ಲಿ ಮತ್ತೆ ಸೆರೆಸಿಕ್ಕಿದರು.

4. ಅಂತ್ಯ. 1949ರ ಜೂನ್ 30ರಂದು ಅವರು ಜಕಾರ್ತದಲ್ಲಿ ತೀರಿಕೊಂಡರು. ಡಚ್ಚರು ಅಧಿಕಾರವನ್ನು ಒಪ್ಪಿಸಿದ್ದು ಡಿಸೆಂಬರ್ 27ರಂದು. ಬಿತ್ತಿದವರು ಕೊಯ್ಲನ್ನು ಕಾಣಲಿಲ್ಲ. ಅವರ ದೇಹವನ್ನು ತೊಂಡಾನೊದಲ್ಲಿ ಹೂಣಿಟ್ಟರು. 1961ರಲ್ಲಿ ಸರಕಾರವು ಅವರನ್ನು ರಾಷ್ಟ್ರವೀರರೆಂದು ಗೌರವಿಸಿತು.

ಮನುಷ್ಯನು ಬದುಕುವದು ಇತರರನ್ನು ಮನುಷ್ಯರಾಗಿ ಬೆಳೆಸುವದಕ್ಕೋಸ್ಕರವೇ ಎಂಬದು ಅವರ ಬಾಳಿನ ಸೂತ್ರವಾಗಿತ್ತು. ಕಲಿತವನ ವಿದ್ಯೆಯು ಕಲಿಯದವನ ಹೊರೆಯನ್ನು ಇಳಿಸದಿದ್ದರೆ ಅದರಿಂದ ಪ್ರಯೋಜನವೇನು?

ಆಲೋಚನೆಗಾಗಿ ಪ್ರಶ್ನೆಗಳು: (1) ರಾತುಲಾಂಗಿಯವರು ಬಡ ರೈತರಿಗಾಗಿ ಏನು ಮಾಡಿದರು? (2) ಸಣ್ಣ ಸಮಾಜದವರು ದೊಡ್ಡ ದೇಶದಲ್ಲಿ ಅಂಜದೆ ಬಾಳುವದು ಹೇಗೆ? (3) ನಮ್ಮ ಊರಿನಲ್ಲಿ ಯಾರ ಹೊರೆಯನ್ನು ನಾವು ಇಳಿಸಬಲ್ಲೆವು?