ಮೂರನೆಯ ಹೆರಿಗೆಯೂ ಹೆರಿಗೆಯೇ

ಪುರ್ತಗೇರಿ ಮೊದಲು ರೋಣ ತಾಲೂಕಿಗೆ ಸೇರಿತ್ತು. ಈಗ ಗಜೇಂದ್ರಗಡ ತಾಲೂಕಿಗೆ ಸೇರಿದೆ. ಜಿಲ್ಲೆ ಗದಗ. ಪುರ್ತಗೇರಿ ಇರಲಿ, ಪಕ್ಕದ ಊರು ಇರಲಿ, ಕಟ್ಟೆಯ ಮೇಲೆ ಹೆಂಗಸರು ಕೂತಾಗ ಒಂದು ಮಾತು ಬರುತ್ತದೆ.

"ಅಕಿಗೇನಾಗತೈತಿ ಬಿಡ್ರೆವಾ. ಎರಡು ಹಡದಾಳ. ಇದೂ ಹಂಗ ಆಗತೈತಿ."

ಅತ್ತೆ ಹೀಗೆ ಹೇಳುತ್ತಾಳೆ. ನೆರೆಯವರು ಹೇಳುತ್ತಾರೆ. ಬಸುರಿಯೂ ತನಗೆ ತಾನೇ ಹೇಳಿಕೊಳ್ಳುತ್ತಾಳೆ. ಅಕ್ಕಂದಿರೇ, ಈ ಮಾತು ನಿಜವೋ ಸುಳ್ಳೋ ನೋಡೋಣ ಬನ್ನಿ.

ಚೊಚ್ಚಲ ಬಸುರಿ ಆದಾಗ ಏನಾಯಿತು, ನೆನಪು ಮಾಡಿಕೊಳ್ಳಿ. ಕುಬಸ ಮಾಡಿದರು. ಹಸಿರು ಸೀರೆ ಉಡಿಸಿದರು. ಹಸಿರು ಬಳೆ ಇಡಿಸಿದರು. ತವರಿನಿಂದ ಬುತ್ತಿ ಬಂತು. ಬಯಕೆ ಏನು ಎಂದು ಕೇಳಿದರು. ಹಡೆಯಲು ತವರಿಗೆ ಕರೆದುಕೊಂಡು ಹೋದರು. ಎರಡನೆಯದಕ್ಕೆ ಬುತ್ತಿ ಸಣ್ಣದಾಯಿತು. ಮೂರನೆಯದಕ್ಕೆ ಕುಬಸವೂ ಇಲ್ಲ, ತವರೂ ಇಲ್ಲ. ಮನೆಯಲ್ಲಿ ಎರಡು ಹುಡುಗರು. ನೀರು, ರೊಟ್ಟಿ, ದನ, ಹೊಲ. ಎಲ್ಲರೂ ಉಂಡ ಮೇಲೆ ಕಡೆಗೆ ಉಣ್ಣುವವಳೂ ಅವಳೇ.

ಸೀಗಿ ಹುಣ್ಣಿಮೆಗೆ ನಾವು ಹೊಲಕ್ಕೆ ಹೋಗುತ್ತೇವೆ. ಭೂಮಿತಾಯಿ ಬಸುರಿ ಆಗಿದ್ದಾಳೆ ಎಂದು ಚರಗ ಚೆಲ್ಲುತ್ತೇವೆ. ಭೂಮಿತಾಯಿ ವರ್ಷ ವರ್ಷ ಬಸುರಿ ಆಗುತ್ತಾಳೆ. "ಹೋದ ವರ್ಷ ಕೊಟ್ಟೀವಿ, ಈ ವರ್ಷ ಬ್ಯಾಡ" ಎಂದು ಯಾರಾದರೂ ಅಂದಿದ್ದಾರೆಯೇ? ಮನೆಯೊಳಗಿನ ಬಸುರಿಗೆ ಮಾತ್ರ ಲೆಕ್ಕ ಬೇರೆ.

ಮೈಯೊಳಗಿನ ಲೆಕ್ಕ ಕೇಳಿ. ನಮ್ಮ ರಕ್ತಕ್ಕೆ ಕಬ್ಬಿಣದ ಅಂಶ ಬೇಕು. ಹೊಟ್ಟೆಯೊಳಗಿನ ಕೂಸು ತಾಯಿಯಿಂದಲೇ ಅದನ್ನು ಪಡೆಯುತ್ತದೆ. ಹಡೆಯುವಾಗ ರಕ್ತ ಹೋಗುತ್ತದೆ. ಹೋದದ್ದು ತುಂಬಲು ಕಾಲ ಬೇಕು, ಊಟ ಬೇಕು. ತುಂಬುವ ಮೊದಲೇ ಮತ್ತೆ ಬಸುರಾದರೆ ಏನಾಗುತ್ತದೆ? ಒಂದು ಕೈಗಡ ತೀರಿಸುವ ಮೊದಲೇ ಮತ್ತೊಂದು ಕೈಗಡ ತಂದ ಹಾಗೆ. ಮೂರನೆಯದರ ಹೊತ್ತಿಗೆ ತಾಯಿ ಬಿಳಿಚಿಕೊಂಡಿರುತ್ತಾಳೆ. ಕೊಡ ಹೊತ್ತರೆ ಏದುಸಿರು. "ವಯಸ್ಸಾತು" ಅನ್ನುತ್ತಾಳೆ. ಎಲ್ಲಿಯ ವಯಸ್ಸು? ಆಕೆಗೆ ಇಪ್ಪತ್ತಾರೋ ಇಪ್ಪತ್ತೇಳೋ ಇರುತ್ತದೆ.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಬಸುರಿಯರ ರಕ್ತ ಪರೀಕ್ಷೆ ಮಾಡಿದರು. ನೂರು ಜನರಲ್ಲಿ ಸುಮಾರು 45 ಜನರಿಗೆ ರಕ್ತ ಕಡಿಮೆ ಇತ್ತು. ಬಸುರಿಯ ರಕ್ತದ ಅಂಕಿ 11 ಇರಬೇಕು. 11ಕ್ಕಿಂತ ಕಡಿಮೆ ಆದರೆ ರಕ್ತಹೀನತೆ. 7ಕ್ಕಿಂತ ಕೆಳಗೆ ಇಳಿದರೆ ಜೀವಕ್ಕೆ ಅಪಾಯ. ಅದಕ್ಕೇ ಕಬ್ಬಿಣದ ಗುಳಿಗೆ ಕೊಡುತ್ತಾರೆ. ಬಸುರಿ ಇದ್ದಾಗ 180 ದಿನ, ಹಡೆದ ಮೇಲೆ 180 ದಿನ, ದಿನಕ್ಕೆ ಒಂದು. ಚಹಾದ ಜೊತೆ ನುಂಗಬೇಡಿ, ಚಹಾ ಗುಳಿಗೆಯ ಬಲ ಕಡಿಮೆ ಮಾಡುತ್ತದೆ. ಲಿಂಬೆಹಣ್ಣಿನ ನೀರು ಒಳ್ಳೆಯದು. ಗುಳಿಗೆ ನುಂಗಿದರೆ ಮಲ ಕಪ್ಪಗೆ ಆಗುತ್ತದೆ. ಹೆದರಬೇಡಿ. "ಗುಳಿಗಿ ತಗೊಂಡ್ರ ಕೂಸು ಕಪ್ಪಾಗತೈತಿ" ಅನ್ನುವುದು ಸುಳ್ಳು.

ಈಗ ನಿಮ್ಮ ಕೈ ಮುಷ್ಟಿ ಮಾಡಿ. ಬಿಗಿಯಾಗಿ ಹಿಡಿಯಿರಿ. ಕೂಸು ಹುಟ್ಟಿ, ಮಾಸು ಬಿದ್ದ ಮೇಲೆ ಗರ್ಭಚೀಲ ಹೀಗೆ ಮುಷ್ಟಿ ಕಟ್ಟಬೇಕು. ಆಗ ರಕ್ತದ ನಾಳಗಳು ಮುಚ್ಚುತ್ತವೆ. ಮುಷ್ಟಿ ಸಡಿಲಾದರೆ ರಕ್ತ ನಿಲ್ಲುವುದಿಲ್ಲ. ಚೊಚ್ಚಲಿಗೂ ಹೀಗೆ ಆಗಬಹುದು. ಆದರೆ ಬಹಳ ಸಲ ಹಡೆದ ಚೀಲ ದಣಿದಿರುತ್ತದೆ. ಮೊದಲೇ ರಕ್ತ ಕಡಿಮೆ ಇದ್ದವಳು ಅರ್ಧ ಲೀಟರ್ ರಕ್ತ ಹೋದರೂ ತಡೆಯಲಾರಳು. ಒಂದೆರಡು ತಾಸಿನಲ್ಲಿ ಜೀವ ಹೋಗಬಹುದು. ಹಡೆದ ತಾಯಂದಿರ ಸಾವಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಇದೇ.

ಇದನ್ನು ತಡೆಯಬಹುದು. ಆಸ್ಪತ್ರೆಯಲ್ಲಿ ಕೂಸು ಹುಟ್ಟಿದ ಕೂಡಲೇ ತಾಯಿಗೆ ಒಂದು ಸೂಜಿ ಮಾಡುತ್ತಾರೆ. ಅದು ಗರ್ಭಚೀಲವನ್ನು ಬಿಗಿ ಮಾಡುತ್ತದೆ. ಸೂಜಿ ಸಿಗದ ಕಡೆ ಗುಳಿಗೆ ನಡೆಯುತ್ತದೆಯೇ ಎಂದು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿಯೇ ಪರೀಕ್ಷೆ ಮಾಡಿದರು. 1,620 ತಾಯಂದಿರು ಅದರಲ್ಲಿ ಇದ್ದರು. ಗುಳಿಗೆ ಕೊಟ್ಟವರು ನಮ್ಮ ಊರಿಗೆ ಬರುವಂಥ ನರ್ಸಮ್ಮನವರೇ. ಗುಳಿಗೆ ಸಿಗದವರಲ್ಲಿ ನೂರಕ್ಕೆ 12 ಜನರಿಗೆ ಹೆಚ್ಚು ರಕ್ತ ಹೋಯಿತು. ಗುಳಿಗೆ ಸಿಕ್ಕವರಲ್ಲಿ ಸುಮಾರು 6 ಜನರಿಗೆ. 2006ರಲ್ಲಿ ಈ ಫಲ ಪ್ರಕಟವಾಯಿತು, ಜಗತ್ತಿನ ಡಾಕ್ಟರರು ಓದಿದರು. ನಮ್ಮ ಹಳ್ಳಿಯ ಹೆಂಗಸರಿಂದ ಜಗತ್ತು ಕಲಿತ ಪಾಠ ಇದು!

ಕರ್ನಾಟಕದಲ್ಲಿ 2001-03ರಲ್ಲಿ ಒಂದು ಲಕ್ಷ ಹೆರಿಗೆಗೆ 228 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಅದು 69ಕ್ಕೆ ಇಳಿಯಿತು.

ಇನ್ನೊಂದು ಮಾತು. ಚೊಚ್ಚಲ ಹೆರಿಗೆಗೆ ಬ್ಯಾನಿ ಹನ್ನೆರಡು ತಾಸು, ಇನ್ನೂ ಹೆಚ್ಚು ತಿನ್ನುತ್ತದೆ. ಆಮೇಲಿನವಕ್ಕೆ ಅದರ ಅರ್ಧ ಸಾಕು. ಕೆಲವೊಮ್ಮೆ ಅಷ್ಟೂ ಬೇಡ. "ಇನ್ನೂ ಹೊತ್ತೈತಿ, ಹುಡುಗರಿಗೆ ರೊಟ್ಟಿ ಬಡದು ಹೋಗತೀನಿ" ಎಂದು ಕೂತವರಿಗೆ ದಾರಿಯಲ್ಲೇ ಹೆರಿಗೆ ಆಗುತ್ತದೆ. ಬ್ಯಾನಿ ಶುರುವಾದ ಕೂಡಲೇ 108ಕ್ಕೆ ಫೋನು ಮಾಡಿ. ಈ ಗಾಡಿ ನಮ್ಮ ರಾಜ್ಯದಲ್ಲಿ 2008ರಿಂದ ಇದೆ. ದುಡ್ಡು ಕೊಡಬೇಕಿಲ್ಲ. 2011ರಿಂದ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧ, ಪರೀಕ್ಷೆ, ರಕ್ತ, ಊಟ ಎಲ್ಲ ಪುಕ್ಕಟೆ. ಹೊಟ್ಟೆ ಕೊಯ್ದು ಕೂಸು ತೆಗೆದರೂ ಪುಕ್ಕಟೆ. ಮನೆಗೆ ತಂದು ಬಿಡುವ ಗಾಡಿಯೂ ಪುಕ್ಕಟೆ.

ಬ್ಯಾನಿಗೆ ಮೊದಲೇ ರಕ್ತ ಕಂಡರೆ, ತಲೆ ಸಿಡಿದು ಕಣ್ಣು ಮಂಜಾದರೆ, ಮುಖ ಬಾತರೆ, ಫಿಟ್ಸ್ ಬಂದರೆ, ಕೂಸು ಮಿಸುಕದಿದ್ದರೆ ಬೆಳಗಾಗುವವರೆಗೆ ಕಾಯಬೇಡಿ.

ಹಡೆದ ಮೇಲೆ ಎರಡು ದಿನ ಆಸ್ಪತ್ರೆಯಲ್ಲಿ ಇರಬೇಕು. ಎರಡು ಮಕ್ಕಳ ತಾಯಿ ಇರುವುದಿಲ್ಲ. "ಮನ್ಯಾಗ ಹುಡುಗರು ಅಳಾಕತ್ತಾವ" ಎಂದು ಅದೇ ಸಂಜೆ ಎದ್ದು ಹೊರಡುತ್ತಾಳೆ. ಅವಳದು ತಪ್ಪಲ್ಲ. ಹುಡುಗರಿಗೆ ಉಣಿಸುವವರು ಯಾರು ಎಂದು ಮನೆಯವರು ಯಾರೂ ಮೊದಲೇ ಮಾತಾಡಿರುವುದಿಲ್ಲ. ಎಂಟನೆಯ ತಿಂಗಳಲ್ಲಿಯೇ ಮಾತಾಡಿ. ಗಂಡ ನಾಲ್ಕು ದಿನ ಹೊಲ ಬಿಡಲಿ. ಅಕ್ಕನೋ ತಂಗಿಯೋ ಬಂದು ಇರಲಿ.

ಹೊಸ ಕೂಸಿಗೆ ಹುಟ್ಟಿದ ಒಂದು ತಾಸಿನೊಳಗೆ ಗಿಣ್ಣದ ಹಾಲು ಕುಡಿಸಿ. ಇದು ನಿಮಗೆ ಗೊತ್ತೇ ಇದೆ. ಆದರೆ ಹಿರಿಯ ಕೂಸಿನ ಕಡೆ ಯಾರು ನೋಡುತ್ತಾರೆ? ನಿನ್ನೆಯವರೆಗೆ ತೊಡೆಯ ಮೇಲೆ ಇತ್ತು. ಇವತ್ತು ಇಳಿಸಿದರು. ಮೊಲೆ ಬಿಡಿಸಿದರು. "ನಿನ್ನ ತೊಡಿ ಹೋತಲೇ" ಎಂದು ನೆರೆಯವರು ನಗುತ್ತಾರೆ. ಇದು ನಗುವ ಮಾತಲ್ಲ. ಆಫ್ರಿಕಾದ ಘಾನಾ ದೇಶದಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ಡಾಕ್ಟರಮ್ಮ ಇದ್ದರು. ಕೈಕಾಲು ಬಾತು, ಕೂದಲು ಕೆಂಚಾದ ಮಕ್ಕಳು ಅವರ ಹತ್ತಿರ ಬರುತ್ತಿದ್ದವು. ಅಲ್ಲಿಯ ಹೆಂಗಸರು ಈ ರೋಗಕ್ಕೆ ಕ್ವಾಶಿಯೋರ್ಕರ್ ಅನ್ನುತ್ತಿದ್ದರು. ಮುಂದಿನ ಕೂಸು ಹುಟ್ಟಿದಾಗ ಹಿರಿಯ ಕೂಸಿಗೆ ಬರುವ ರೋಗ ಎಂದು ಅದರ ಅರ್ಥ. ಡಾಕ್ಟರಮ್ಮ 1935ರಲ್ಲಿ ಅದೇ ಹೆಸರು ಬರೆದರು. ಇವತ್ತಿಗೂ ಜಗತ್ತಿನ ಡಾಕ್ಟರರು ಅದೇ ಹೆಸರು ಹೇಳುತ್ತಾರೆ. ಹಾಲು ಬಿಟ್ಟ ಮಗುವಿಗೆ ಬರೀ ನುಚ್ಚು, ಗಂಜಿ ಸಾಲದು. ಬ್ಯಾಳಿ, ಶೇಂಗಾ, ಮೊಳಕೆ ಹೆಸರು, ಸಿಕ್ಕರೆ ತತ್ತಿ ಕೊಡಿ. ಹೊಸ ಕೂಸನ್ನು ಮುಟ್ಟಲು ಬಿಡಿ. ರಾತ್ರಿ ಒಂದು ಕೈ ಅದರ ಮೇಲೂ ಇರಲಿ.

ಇನ್ನು, ಮೂರನೆಯದು ಯಾಕೆ ಬಂತು? ಬೇಕೆಂದು ಬಂದರೆ ಸಂತೋಷ. "ಎರಡೂ ಹೆಣ್ಣು, ಒಂದು ಗಂಡು ಬೇಕು" ಎಂದು ಬಂದಿದ್ದರೆ ಈ ಮಾತು ಮನೆಯಲ್ಲಿ ಓದಿ ಹೇಳಿ. ಗಂಡೋ ಹೆಣ್ಣೋ ಎಂಬುದು ಗಂಡಸಿನ ಬೀಜದಿಂದ ತೀರ್ಮಾನ ಆಗುತ್ತದೆ. ಹೆಂಗಸನ್ನು ಬೈದು ಫಲವಿಲ್ಲ. ಹೊಟ್ಟೆಯೊಳಗೆ ಯಾವ ಕೂಸು ಎಂದು ನೋಡಿಸುವುದು 1994ರ ಕಾಯ್ದೆಯ ಪ್ರಕಾರ ಅಪರಾಧ. ಒಂದು ಹಡೆದ ಮೇಲೆ ಮುಂದಿನ ಬಸುರಿಗೆ ಕನಿಷ್ಠ ಎರಡು ವರ್ಷ ಬಿಡಬೇಕು. ಸಾಕು ಅನಿಸಿದರೆ ಗಂಡಸರ ಆಪರೇಶನ್ ಹೆಂಗಸರದಕ್ಕಿಂತ ಸಣ್ಣದು. ಹೊಟ್ಟೆ ಕೊಯ್ಯುವುದಿಲ್ಲ. ನಮ್ಮ ಗಂಡಸರಿಗೆ ಇದನ್ನು ಹೇಳುವವರೇ ಕಡಿಮೆ!

ಓದಿ, ಬರೆಯಿರಿ

ನಿಮ್ಮ ತಾಯಿ ಕಾರ್ಡು ತೆಗೆಯಿರಿ. ನೀವು ಬಸುರಿ ಅಲ್ಲದಿದ್ದರೆ ಸೊಸೆಯ ಅಥವಾ ನೆರೆಯವಳ ಕಾರ್ಡು ಕೇಳಿ ತನ್ನಿ.

ರಕ್ತದ ಅಂಕಿ ಎಷ್ಟು ಬರೆದಿದ್ದಾರೆ? 11ಕ್ಕಿಂತ ಹೆಚ್ಚೋ ಕಡಿಮೆಯೋ?

ಹೆರಿಗೆಯ ತಾರೀಕು ಯಾವುದು? ಅವತ್ತು ಮನೆಯ ಹುಡುಗರನ್ನು ಯಾರು ನೋಡಿಕೊಳ್ಳುತ್ತಾರೆ? ಅವರ ಹೆಸರು ಇಲ್ಲಿ ಬರೆಯಿರಿ.

ರಕ್ತದ ಗುಂಪು ಯಾವುದು? ಅದೇ ಗುಂಪಿನವರು ನಿಮ್ಮ ಓಣಿಯಲ್ಲಿ ಯಾರಿದ್ದಾರೆ?